ನೆಕ್ಕಾರ್ ದಂಡೆಯ ಬೆಳಗಿನ ಪಾಳಿ

ಬೆಂಗಳೂರಿನ ಕಮ್ಮನಹಳ್ಳಿ. ಬೇಕರಿಯೊಂದರ ಮೇಲಿನ ಮೂರನೇ ಮಹಡಿ. ಬೆಳಗಿನ ಎಂಟು ಗಂಟೆಗೆ ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಮೆಟ್ಟಿಲೇರಿ ಬರುತ್ತಿದೆ. ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಇಲ್ಲಿಗೇ ಬಂದವರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದಾರೆ. ಕೂದಲು ಇನ್ನೂ ಬಲೆಯೊಳಗೇ ಇದೆ, ಕೈಯಿಂದ ಸ್ಯಾನಿಟೈಸರ್ ಘಾಟು ಹೋಗಿಲ್ಲ, ರೆಪ್ಪೆ ಭಾರವಾಗಿವೆ. ಬಿಳಿ ಹಲಗೆಯ ಮೇಲೆ ಮೂರು ಬಣ್ಣದ ಮೂರು ಪಟ್ಟಿ: ನೀಲಿ ಪುಲ್ಲಿಂಗ, ಕೆಂಪು ಸ್ತ್ರೀಲಿಂಗ, ಹಸಿರು ನಪುಂಸಕ. ಕೆಮ್ಮು ನೀಲಿ ಪಟ್ಟಿಯಲ್ಲಿದೆ, ಸಿರಿಂಜು ಕೆಂಪಿನಲ್ಲಿ, ಜ್ವರ ಹಸಿರಿನಲ್ಲಿ. ಕೆಮ್ಮು ಯಾಕೆ ಗಂಡಸು ಎಂದು ಹಿಂದಿನ ಸಾಲಿನಿಂದ ಯಾರೋ ಕೇಳುತ್ತಾರೆ. ‘ಕಾರಣ ಕೇಳ್ಬೇಡಿ, ಬಾಯಿಪಾಠ ಮಾಡಿ’ ಎನ್ನುತ್ತಾರೆ ಶಿಕ್ಷಕಿ. ಇಡೀ ತರಗತಿ ಒಂದೇ ದನಿಯಲ್ಲಿ ಕೆಮ್ಮು, ನೆಗಡಿ, ಬೆನ್ನುನೋವುಗಳನ್ನು ಜರ್ಮನ್ ಭಾಷೆಯಲ್ಲಿ ಒಪ್ಪಿಸತೊಡಗುತ್ತದೆ.

ಇವರಲ್ಲಿ ಒಬ್ಬಾಕೆ ಸಾಗರದ ಕಡೆಯವಳು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾಳೆ. ವೆಂಟಿಲೇಟರಿನ ಯಾವ ಕೂಗಿಗೆ ಓಡಬೇಕು, ಯಾವ ಕೂಗಿಗೆ ನಡೆದು ಹೋದರೂ ಸಾಕು ಎಂಬುದನ್ನು ಬಾಗಿಲಾಚೆಯಿಂದಲೇ ಹೇಳಬಲ್ಲಳು. ಪಕ್ಕದ ಬಾಗಲಕೋಟೆಯ ಹುಡುಗ ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಓದಿ ಡಯಾಲಿಸಿಸ್ ವಿಭಾಗದಲ್ಲಿ ಪಳಗಿದವನು. ಹಾಸನದವಳೊಬ್ಬಳು ಮಗುವನ್ನು ತವರಿನಲ್ಲಿ ಬಿಟ್ಟು ಬಂದಿದ್ದಾಳೆ. ಬಿಡುವಿನಲ್ಲಿ ಮೊಬೈಲ್ ತೆಗೆದಳೆಂದರೆ ಅದರೊಳಗೆ ಮಗು ಮುದ್ದೆ ತಿನ್ನಲು ಹಟ ಮಾಡುತ್ತಿರುತ್ತದೆ. ಮೂವರೂ ತಮ್ಮ ತಮ್ಮ ವಾರ್ಡಿನಲ್ಲಿ ಹೊಸಬರಿಗೆ ಕೆಲಸ ಕಲಿಸುವವರು. ಇಲ್ಲಿ ಮಾತ್ರ ‘ನನ್ನ ಹೆಸರು ಇಂಥದ್ದು, ನಾನು ಭಾರತದಿಂದ ಬಂದಿದ್ದೇನೆ’ ಎಂಬಲ್ಲಿಂದಲೇ ಶುರು.

ಜರ್ಮನಿಯಲ್ಲಿ ನರ್ಸ್ ಆಗಲು ಭಾಷೆಯಲ್ಲಿ ಹತ್ತಬೇಕಾದದ್ದು ನಾಲ್ಕು ಮೆಟ್ಟಿಲು: ಎ1, ಎ2, ಬಿ1, ಬಿ2. ಓದು, ಬರಹ, ಆಲಿಸುವಿಕೆ, ಮಾತು ಎಂದು ಬಿ2ದಲ್ಲಿ ನಾಲ್ಕು ಪತ್ರಿಕೆಗಳಿದ್ದು, ಪ್ರತಿಯೊಂದರಲ್ಲೂ ನೂರಕ್ಕೆ ಅರವತ್ತು ಬರಬೇಕು. ಇಂದಿರಾನಗರದ ಗಯಟೆ ಇನ್‌ಸ್ಟಿಟ್ಯೂಟ್, ನಮ್ಮವರ ಬಾಯಲ್ಲಿ ಮ್ಯಾಕ್ಸ್ ಮುಲ್ಲರ್ ಭವನ, ಪರೀಕ್ಷೆಯ ದಿನ ತುಂಬಿ ತುಳುಕುತ್ತದೆ. ಹೆಚ್ಚಿನವರು ಎಡವುವುದು ಆಲಿಸುವ ಪತ್ರಿಕೆಯಲ್ಲಿ. ಹಾಗೆ ಬಿದ್ದವರು ಅದೊಂದನ್ನೇ ಮತ್ತೆ ಕಟ್ಟಬಹುದು. ‘ಮೂರಾಯ್ತು, ಕಿವಿ ಒಂದು ಬಾಕಿ’ ಎನ್ನುವುದು ಅವರ ನಡುವಿನ ಮಾತು. ಕೆಲಸ ಮಾಡುತ್ತಲೇ ಓದುವವರಿಗೆ ಬಿ2 ಮುಗಿಯುವಷ್ಟರಲ್ಲಿ ವರ್ಷ ಸುಲಭವಾಗಿ ಸರಿದುಹೋಗಿರುತ್ತದೆ.

ಕರೆದ ದೇಶ

ಕರೆ ಬಂದಿರುವುದು ಆ ಕಡೆಯಿಂದ. ಜರ್ಮನಿಯಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ 65 ದಾಟಿದವರು. 2049ರ ಹೊತ್ತಿಗೆ ದೇಶಕ್ಕೆ 2.8 ಲಕ್ಷದಿಂದ 6.9 ಲಕ್ಷದವರೆಗೆ ಶುಶ್ರೂಷಾ ಸಿಬ್ಬಂದಿ ಕಡಿಮೆ ಬೀಳಬಹುದೆಂದು ಅಲ್ಲಿನ ಸಂಖ್ಯಾಶಾಸ್ತ್ರ ಇಲಾಖೆ 2024ರ ಆರಂಭದಲ್ಲಿ ಲೆಕ್ಕ ಹಾಕಿತು. ಅದಕ್ಕೂ ಮೊದಲೇ, 2022ರ ಡಿಸೆಂಬರ್ 5ರಂದು, ಎರಡೂ ದೇಶಗಳು ದೆಹಲಿಯಲ್ಲಿ ವಲಸೆ ಒಪ್ಪಂದಕ್ಕೆ ಸಹಿ ಹಾಕಿದ್ದವು. 2024ರ ಅಕ್ಟೋಬರಿನಲ್ಲಿ ಜರ್ಮನಿ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾ ಸಂಖ್ಯೆಯನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಸಾರಿತು. ಕಮ್ಮನಹಳ್ಳಿಯ ಗೋಡೆಗಳ ಮೇಲೆ, ಪಿಜಿಗಳ ಗೇಟಿನ ಮೇಲೆ, ಆಟೊಗಳ ಬೆನ್ನ ಮೇಲೆ ಕಪ್ಪು, ಕೆಂಪು, ಹಳದಿ ಬಾವುಟದ ಜಾಹೀರಾತುಗಳು ಮೊಳೆತವು.

ಈ ದಾರಿ ಹೊಸತೇನಲ್ಲ. 1960ರ ದಶಕದಲ್ಲಿಯೇ ಕೇರಳದ ನೂರಾರು ಹೆಣ್ಣುಮಕ್ಕಳು ಚರ್ಚುಗಳ ಮೂಲಕ ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಹೋಗಿದ್ದರು. 1973ರಲ್ಲಿ ಆ ದೇಶ ಹೊರಗಿನವರ ನೇಮಕವನ್ನು ನಿಲ್ಲಿಸಿತು; ಆ ದಶಕ ಮುಗಿಯುವಷ್ಟರಲ್ಲಿ ಪರವಾನಗಿ ಸಿಗದೆ ಹಿಂದಿರುಗಿದ ದಾದಿಯರೂ ಇದ್ದರು. ಬೇಕೆನಿಸಿದಾಗ ತೆರೆದು, ಬೇಡವೆನಿಸಿದಾಗ ಮುಚ್ಚುವ ಬಾಗಿಲದು. ಈ ಕಥೆ ಗೊತ್ತಿರುವ ಮಲಯಾಳಿ ಶಿಕ್ಷಕಿಯರು ತರಗತಿಯಲ್ಲಿ ಅದನ್ನು ಹೇಳುತ್ತಾರೆ. ಕೇಳಿದವರು ಒಂದು ಗಳಿಗೆ ಸುಮ್ಮನಾಗುತ್ತಾರೆ, ಆಮೇಲೆ ಮುಂದಿನ ಪುಟ ತಿರುಗಿಸುತ್ತಾರೆ.

ಕೊಲ್ಲಿ ದೇಶಗಳ ದಾರಿಯಂತೂ ಕರಾವಳಿಯವರಿಗೆ ಅಂಗೈರೇಖೆ. ಉಡುಪಿಯ ಬಿ.ಆರ್. ಶೆಟ್ಟಿಯವರು 1973ರಲ್ಲಿ ಅಬುಧಾಬಿಗೆ ಹೋಗಿ ಔಷಧ ಮಾರಾಟದಿಂದ ಶುರುಮಾಡಿ ಆಸ್ಪತ್ರೆಗಳ ಸಮೂಹವನ್ನೇ ಕಟ್ಟಿದ್ದು, ಕೊನೆಗೆ ಅದು ಕುಸಿದದ್ದು ಎರಡನ್ನೂ ಅಲ್ಲಿನ ಮನೆಮನೆಗಳು ಕಂಡಿವೆ. ಅಲ್ಲಿಗೆ ಹೋಗಲು ಇಂಗ್ಲಿಷ್ ಸಾಕು. ಆದರೆ ಕರಾರು ಮುಗಿದ ದಿನ ಮರಳಬೇಕು. ಜರ್ಮನಿಯ ಲೆಕ್ಕ ಬೇರೆ. ಭಾಷೆ ಕಲಿತು ಅರ್ಹತೆ ಗಿಟ್ಟಿಸಿದರೆ ಮೂರು ವರ್ಷದ ದುಡಿಮೆಯ ಮೇಲೆ ಕಾಯಂ ವಾಸದ ಪರವಾನಗಿ ಕೇಳಬಹುದು, ಐದು ವರ್ಷಕ್ಕೆ ಪೌರತ್ವವನ್ನೂ ಕೇಳಬಹುದು. ತಿಂಗಳಿಗೆ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ವರ್ಷಗಟ್ಟಲೆ ತಿರುಗುತ್ತ, ಶಿಕ್ಷಣ ಸಾಲದ ಕಂತು ಕಟ್ಟುತ್ತಿರುವ ನರ್ಸಿಗೆ ಇದು ಸಣ್ಣ ಆಮಿಷವಲ್ಲ.

ಕೊರತೆಯ ಪಟ್ಟಿ

ಭಾಷೆಯ ಜೊತೆಜೊತೆಗೇ ಕಾಗದದ ಯುದ್ಧ ನಡೆಯುತ್ತದೆ. ನರ್ಸಿಂಗ್ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರ ಮುಂದೆ ನಿಂತು, ಯಾವ ವಿಷಯ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡಿನಲ್ಲಿ ಅಭ್ಯಾಸ ಎಂಬುದನ್ನು ಮುದ್ರೆ ಸಹಿತ ಬರೆಸಿಕೊಳ್ಳಬೇಕು. ಅಂಕಪಟ್ಟಿ, ನೋಂದಣಿ, ಅನುಭವ ಪತ್ರ ಎಲ್ಲವೂ ಮಾನ್ಯತೆ ಪಡೆದ ಅನುವಾದಕರ ಕೈಯಲ್ಲಿ ಜರ್ಮನ್‌ಗೆ ತಿರುಗಬೇಕು, ಪುಟಕ್ಕಿಷ್ಟು ದರ. ಅನುಭವ ಪತ್ರಕ್ಕೆ ಸಹಿ ಹಾಕುವ ಐಸಿಯು ಇನ್‌ಚಾರ್ಜ್ ಮುಖ ಗಂಟಿಕ್ಕಿಕೊಂಡೇ ಪೆನ್ನು ತೆಗೆಯುತ್ತಾರೆ. ತಾವು ತಿದ್ದಿ ತೀಡಿದ ಕೈಗಳು ಒಂದೊಂದಾಗಿ ಹೊರಡುತ್ತಿವೆ, ಆ ಜಾಗಕ್ಕೆ ಬರುವವರು ನಿನ್ನೆ ಮೊನ್ನೆ ಓದು ಮುಗಿಸಿದವರು.

ದಲ್ಲಾಳಿಗಳ ಲೋಕ ಇನ್ನೊಂದು. ನೇಮಕದ ಖರ್ಚು ನೌಕರರದ್ದಲ್ಲ, ಆಸ್ಪತ್ರೆಯದ್ದು ಎಂಬ ನಿಯಮಕ್ಕೆ ಬದ್ಧರಾದ ಸಂಸ್ಥೆಗಳಿಗೆ ಜರ್ಮನಿಯಲ್ಲಿ ಸರ್ಕಾರಿ ಗುಣಮುದ್ರೆಯೇ ಇದೆ. ನೆರೆಯ ಕೇರಳದಲ್ಲಿ ನೋರ್ಕಾ ರೂಟ್ಸ್ ಮೂಲಕ ಸರ್ಕಾರವೇ ದಾದಿಯರನ್ನು ಆರಿಸಿ ಕಳಿಸುವ ಏರ್ಪಾಡಿದೆ. ಇದ್ಯಾವುದೂ ತಿಳಿಯದವರು ಬಾಡಿಗೆ ಕೋಣೆಯ ಕನ್ಸಲ್ಟೆನ್ಸಿಗಳಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ಕರಾರಿನ ಕೊನೆಯ ಪುಟಗಳಲ್ಲಿ, ಇಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ತರಬೇತಿಯ ಹಣ ಹಿಂದಿರುಗಿಸಬೇಕು ಎಂಬ ಸಾಲು ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ಆ ಪುಟ ಜರ್ಮನ್‌ನಲ್ಲಿರುತ್ತದೆ, ಸಹಿ ಮಾಡುವಾಕೆ ಇನ್ನೂ ಎ2ದಲ್ಲಿರುತ್ತಾಳೆ.

ಕಾಗದಗಳೆಲ್ಲ ಹೋಗಿ ಸೇರುವುದು ಜರ್ಮನಿಯ ಹದಿನಾರು ರಾಜ್ಯಗಳಲ್ಲಿ ಆಯಾ ನರ್ಸನ್ನು ಕರೆದ ರಾಜ್ಯದ ಕಚೇರಿಗೆ. ಸಾಗರದಾಕೆಯದ್ದು ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ. ಕಡತ ಸ್ಟುಟ್‌ಗಾರ್ಟ್‌ನಲ್ಲಿ ಕೂರುತ್ತದೆ. ಅಲ್ಲಿ ಅಧಿಕಾರಿಯೊಬ್ಬರು ಆಕೆಯ ನಾಲ್ಕು ವರ್ಷವನ್ನು ತಮ್ಮ ಮೂರು ವರ್ಷದ ತರಬೇತಿಯ ಪಕ್ಕದಲ್ಲಿಟ್ಟು ಗಂಟೆಗಂಟೆಯ ತಾಳೆ ನೋಡುತ್ತಾರೆ. ತಿಂಗಳುಗಳ ಮೇಲೆ ಉತ್ತರ ಬರುತ್ತದೆ. ಸೂಲಗಿತ್ತಿತನ, ಸಮುದಾಯ ಆರೋಗ್ಯ ಧಾರಾಳವಾಗಿವೆ. ವೃದ್ಧರ ಆರೈಕೆಯ ಗಂಟೆಗಳು ಸಾಲವು. ಕೊರತೆ ತುಂಬಿಕೊಳ್ಳಲು ಎರಡು ದಾರಿ: ತಿಂಗಳುಗಟ್ಟಲೆ ಅಭ್ಯಾಸ ತರಬೇತಿ ಅಥವಾ ಒಂದು ಪರೀಕ್ಷೆ. ಅದು ಮುಗಿಯುವ ತನಕ ಆಕೆ ಅಲ್ಲಿ ನರ್ಸ್ ಅಲ್ಲ, ಸಹಾಯಕಿ.

ತೂಕದ ಯಂತ್ರದ ಮುಂದೆ

ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್, ನಡುರಾತ್ರಿ. ಬಿದಿರಿನ ಚಾವಣಿಯ ಕೆಳಗೆ ತೂಗುವ ಹಸಿರು. ಫ್ರಾಂಕ್‌ಫರ್ಟ್ ವಿಮಾನ ಏರುವುದು ನಸುಕಿನ ಮೂರರ ಸುಮಾರಿಗೆ. ಸಾಗರದಿಂದ ಟೆಂಪೊ ಮಾಡಿಕೊಂಡು ಬಂದ ಹನ್ನೊಂದು ಮಂದಿ ಹೊರಗೆ ಕಂಬಿಗೆ ಒರಗಿ ನಿಂತಿದ್ದಾರೆ. ಅಡಿಕೆ ಕೊಯ್ಲಿನ ನಡುವೆ ಬಂದ ಅಪ್ಪ ಆಗಾಗ ಗಡಿಯಾರ ನೋಡಿಕೊಳ್ಳುತ್ತಾನೆ. ಒಳಗೆ ಯಂತ್ರ 25 ಕಿಲೊ ತೋರಿಸುತ್ತಿದೆ, ಬಿಡುವುದು 23. ಪೆಟ್ಟಿಗೆ ನೆಲದ ಮೇಲೆ ಬಾಯಿ ತೆರೆಯುತ್ತದೆ. ಕುಕ್ಕರ್ ಉಳಿಯಿತು, ಸಾರಿನ ಪುಡಿ ಉಳಿಯಿತು, ಅಪ್ಪೆಮಿಡಿ ಜಾಡಿಯ ತೂಕಕ್ಕೆ ಬದಲಾಗಿ ಎರಡು ಚಳಿ ಪ್ಯಾಂಟು ಹೊರಬಂದವು. ಮನೆಯ ತುಪ್ಪವನ್ನು ಅಮ್ಮ ಮೊದಲೇ ತೆಗೆದಿಟ್ಟಿದ್ದಳು. ಹೊರಗಿನ ದೇಶದ ಹಾಲಿನ ಪದಾರ್ಥವನ್ನು ಯುರೋಪು ಒಳಗೆ ಬಿಡುವುದಿಲ್ಲವೆಂದು ಯಾರೋ ಹೇಳಿದ್ದರು. ಅದೇ ಸಾಲಿನಲ್ಲಿ ಲ್ಯಾಪ್‌ಟಾಪ್ ಚೀಲದ ನಾಲ್ಕೈದು ಎಂಜಿನಿಯರುಗಳಿದ್ದಾರೆ. ಅವರೂ ಸ್ಟುಟ್‌ಗಾರ್ಟ್‌ಗೇ, ಕಾರು ತಯಾರಿಸುವವರ ಊರು. ಬಾಷ್, ಮರ್ಸಿಡಿಸ್ ಕಂಪನಿಗಳ ದೊಡ್ಡ ಕಚೇರಿಗಳು ಬೆಂಗಳೂರಿನಲ್ಲಿವೆ, ಓಡಾಟ ಅವರಿಗೆ ಮಾಮೂಲು.

ಗುಡಿಸುವ ವಾರ

ನೆಕ್ಕಾರ್ ನದಿಯ ದಂಡೆಯ ಊರು. ಎರಡೂ ಕಡೆ ಗುಡ್ಡ, ಗುಡ್ಡದ ಮೈಮೇಲೆ ಸಾಲು ಹಿಡಿದ ದ್ರಾಕ್ಷಿ ತೋಟ, ತಪ್ಪಲಿನಲ್ಲಿ ಮರದ ತೊಲೆಗಳು ಹೊರಗೇ ಕಾಣುವ ಹಳೆಯ ಮನೆಗಳು. ಆಸ್ಪತ್ರೆಯ ಸಿಬ್ಬಂದಿ ಮನೆಯಲ್ಲಿ ಸಾಗರದಾಕೆಗೆ ಒಂದು ಕೋಣೆ. ಮೊದಲ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು; ಅದಿಲ್ಲದೆ ತೆರಿಗೆ ಸಂಖ್ಯೆಯೂ ಇಲ್ಲ, ಮುಂದಿನ ಕೆಲಸವೂ ಇಲ್ಲ. ನೋಂದಾಯಿಸಿದ ಕೆಲ ದಿನಕ್ಕೇ ಮೊದಲ ಪತ್ರ ಬರುತ್ತದೆ. ಬಂಧುಗಳದ್ದಿರಬಹುದೇ ಎಂದು ಒಡೆದು ನೋಡಿದರೆ ರೇಡಿಯೊ, ಟಿ.ವಿ. ಶುಲ್ಕದ್ದು: ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ. ಟಿ.ವಿ. ಇಲ್ಲವೆಂದರೂ ಬಿಡುವುದಿಲ್ಲ.

ಒಂದು ಸಂಜೆ ಆಕೆಯ ಬಾಗಿಲ ಹಿಡಿಗೆ ಪುಟ್ಟ ಹಲಗೆಯೊಂದು ನೇತಾಡುತ್ತಿತ್ತು. ಕೆಳಮನೆಯ ಅಜ್ಜಿ ಬಂದು ಕೈಸನ್ನೆ ಬೆರೆಸಿ ಬಿಡಿಸಿ ಹೇಳಿದಳು: ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿನ್ನದು. ಆ ನಾಡಿನಲ್ಲಿ ಇದು ತಲೆಮಾರುಗಳಿಂದ ಬಂದ ಕಟ್ಟಳೆ. ಕೆಲಸ ಮುಗಿಸಿದವರು ಹಲಗೆಯನ್ನು ಮುಂದಿನ ಮನೆಗೆ ದಾಟಿಸಬೇಕು. ಆಕೆ ಬಕೆಟ್ ಹಿಡಿದು ಇಳಿದಳು. ಸಾಗರದ ಮನೆಯಲ್ಲಿ ದಿನಾ ಬೆಳಗ್ಗೆ ಅಂಗಳ ಗುಡಿಸಿದವಳಿಗೆ ಇದೇನು ಹೊಸತೇ? ಅಜ್ಜಿ ಮೂಲೆಗೆ ಬೆರಳಿಟ್ಟು ಪರೀಕ್ಷಿಸಿ ತಲೆಯಾಡಿಸಿದಳು. ಆ ದೇಶದಲ್ಲಿ ಆಕೆ ಮೊದಲ ಸಲಕ್ಕೇ ಪಾಸಾದ ಪರೀಕ್ಷೆ ಇದು.

ಉಳಿದದ್ದನ್ನು ಬೇಗನೇ ಕಲಿತಳು. ಪ್ಲಾಸ್ಟಿಕ್ ಬಾಟಲಿ ಎಸೆಯುವಂತಿಲ್ಲ, ಅಂಗಡಿಯ ಯಂತ್ರಕ್ಕೆ ತುರುಕಿದರೆ 25 ಸೆಂಟ್ ವಾಪಸು. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಅಕ್ಕಿ, ಈರುಳ್ಳಿ ತಂದಿಟ್ಟಿರಬೇಕು. ರಾತ್ರಿ ಹತ್ತರ ನಂತರ ಕುಕ್ಕರ್ ಕೂಗಿಸಬಾರದು. ಡಿಸೆಂಬರಿನಲ್ಲಿ ಬೆಳಕು ಹರಿಯುವುದು ಎಂಟರ ಮೇಲೆ, ಕತ್ತಲಾಗುವುದು ನಾಲ್ಕೂವರೆಗೆ. ಬೆಳಗಿನ ಪಾಳಿಗೆ ಹೋದವರು ಸೂರ್ಯೋದಯವನ್ನು ವಾರ್ಡಿನ ಕಿಟಕಿಯಲ್ಲೇ ನೋಡಿ ತೃಪ್ತರಾಗಬೇಕು.

ಐದು ಮತ್ತು ಎಂಬತ್ತು

ಬೆಳಗ್ಗೆ ಆರು ಗಂಟೆ. ಹೊರಗೆ ಗಾಢ ಕತ್ತಲು, ಒಳಗೆ ಟ್ಯೂಬ್‌ಲೈಟು, ಕಾಫಿಯ ದೊಡ್ಡ ಥರ್ಮಾಸು. ರಾತ್ರಿ ಪಾಳಿಯ ನರ್ಸ್ ಕಾಲು ಚಾಚಿ ಕೂತು ರೋಗಿಗಳನ್ನು ಒಪ್ಪಿಸುತ್ತಾಳೆ. ಮಾತು ಓಡುತ್ತದೆ. ಕಮ್ಮನಹಳ್ಳಿಯ ಸಿ.ಡಿ.ಯಲ್ಲಿ ಕೇಳಿದ ಜರ್ಮನ್ ಇದಲ್ಲ. ಪದಗಳ ಬಾಲ ಕತ್ತರಿಸಿದ, ಮೂಗಿನಲ್ಲಿ ಎಳೆದ ಶ್ವಾಬಿಯನ್ ಆಡುಮಾತು. ಎಂಬತ್ತೈದನ್ನು ‘ಐದು ಮತ್ತು ಎಂಬತ್ತು’ ಎನ್ನುವುದು ಆ ಭಾಷೆಯ ರೂಢಿ. ಕೇಳಿದ ಕೂಡಲೇ ಕೈ ಐದನ್ನು ಮೊದಲು ಬರೆದುಬಿಡುತ್ತದೆ. ರಕ್ತದೊತ್ತಡವಾಗಲಿ, ಇನ್ಸುಲಿನ್ ಯೂನಿಟ್ಟಾಗಲಿ, ಅಂಕಿ ತಿರುಗಿದರೆ ಜೀವದ ಪ್ರಶ್ನೆ. ಎಂಟೂ ಕಾಲನ್ನು ಇಲ್ಲಿನ ಹಳಬರು ‘ಕಾಲು ಒಂಬತ್ತು’ ಎನ್ನುತ್ತಾರೆ. ಒಂಬತ್ತನೇ ಗಂಟೆಯಲ್ಲಿ ಕಾಲು ಕಳೆಯಿತು ಎಂಬ ಲೆಕ್ಕ. ಆಕೆ ಪ್ರತಿ ಅಂಕಿಯನ್ನೂ ತಿರುಗಿ ಹೇಳಿ ಖಚಿತ ಮಾಡಿಕೊಳ್ಳುತ್ತಾಳೆ. ಕೆಲವರು ತಾಳ್ಮೆಯಿಂದ ಮತ್ತೆ ಹೇಳುತ್ತಾರೆ, ಕೆಲವರು ನಿಟ್ಟುಸಿರು ಬಿಡುತ್ತಾರೆ. ನಿಟ್ಟುಸಿರಿಗೆ ಹೆದರಿ ಕೇಳದೆ ಉಳಿಯಬಾರದು ಎಂಬುದು ಹಳಬರಿಂದ ಹೊಸಬರಿಗೆ ಮೊದಲ ಬುದ್ಧಿಮಾತು.

ಆಮೇಲೆ ಕೋಣೆಯಿಂದ ಕೋಣೆಗೆ. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಮುಖಕ್ಕೊಂದು ಬಟ್ಟೆ, ಮೈಗೊಂದು ಬಟ್ಟೆ. ಮುಖಕ್ಕೆ ಸೋಪು ಬೇಕೇ ಎಂದು ಕೇಳಬೇಕು. ಒಂದು ಭಾಗ ತೊಳೆಯುವಾಗ ಉಳಿದ ಮೈಗೆ ಟವೆಲ್ ಹೊದಿಸಿರಬೇಕು. ತನ್ನ ಕೈ ತಾನೇ ತೊಳೆಯಬಲ್ಲ ರೋಗಿಯ ಕೈಗೆ ಬಟ್ಟೆ ಕೊಟ್ಟು ಕಾಯಬೇಕು, ಹತ್ತು ನಿಮಿಷ ಹಿಡಿದರೂ. ಹಲ್ಲಿನ ಸೆಟ್ಟು ತೊಳೆದು, ಹಾಸಿಗೆಯಿಂದ ಎಬ್ಬಿಸುವ ಮೊದಲೇ ಬಿಗಿ ಕಾಲುಚೀಲ ಏರಿಸಿ, ಕೂದಲು ಬಾಚಿ, ಕುರ್ಚಿಯಲ್ಲಿ ಕೂರಿಸಿ, ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಡಬೇಕು. ಬೆಂಗಳೂರಿನಲ್ಲಿ ಇದನ್ನೆಲ್ಲ ಮಾಡುತ್ತಿದ್ದವರು ರೋಗಿಯ ಮಗಳು, ಸೊಸೆ, ಇಲ್ಲವೇ ಆಯಾ. ನರ್ಸ್ ಎಂದರೆ ಸೂಜಿ, ಔಷಧ, ಯಂತ್ರ, ಚಾರ್ಟು.

ಇಲ್ಲಿ ಸೂಜಿ ಆಕೆಯ ಕೈಗೆ ಬರುವುದಿಲ್ಲ. ನರಕ್ಕೆ ಕ್ಯಾನುಲಾ ಹಾಕುವುದು ಸಾಮಾನ್ಯವಾಗಿ ವೈದ್ಯರ ಕೆಲಸ. ಹೊಸದಾಗಿ ಸೇರಿದ ಎಳೆಯ ಡಾಕ್ಟರು ಅಜ್ಜನ ತೋಳಿನಲ್ಲಿ ಎರಡನೇ ಸಲ ಗುರಿ ತಪ್ಪಿದಾಗ ಆಕೆ ಬೆಡ್‌ಪ್ಯಾನ್ ಹಿಡಿದು ಪಕ್ಕದಲ್ಲಿ ನಿಂತಿರುತ್ತಾಳೆ. ನರ ಎಲ್ಲಿದೆಯೆಂದು ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿದೆ, ಬೆರಳು ತುಡಿಯುತ್ತಿವೆ. ಎದೆಯ ಮೇಲಿನ ಬಿಲ್ಲೆ ‘ಸಹಾಯಕಿ’ ಎನ್ನುತ್ತದೆ. ಬಾಗಲಕೋಟೆಯ ಹುಡುಗ ಇನ್ನೊಂದು ಊರಿನಿಂದ ಫೋನು ಮಾಡಿದಾಗ ಇಬ್ಬರೂ ಹೇಳಿಕೊಳ್ಳುವುದು ಇದನ್ನೇ. ‘ಡಯಾಲಿಸಿಸ್ ಮಷಿನ್ ಬಿಚ್ಚಿ ಕೂಡಸ್ತಿದ್ದೆ, ಈಗ ಗಡ್ಡಾ ಬೋಳಸಾಕತ್ತೀನಿ’ ಎಂದು ಆತ ನಗುತ್ತಾನೆ. ಸಂಬಳ ಏರಿದೆ, ಸ್ಥಾನ ಇಳಿದಿದೆ. ಹೊರಡುವಾಗ ಊರಿಗೆಲ್ಲ ಹೇಳಿದ್ದು ಮೊದಲನೆಯದನ್ನು ಮಾತ್ರ.

ಆದರೆ ಮೈ ತೊಳೆಯುವ ಕೆಲಸವನ್ನು ಅವಮಾನವೆಂದುಕೊಂಡವರು ಇಲ್ಲಿ ಬಹಳ ಕಾಲ ಬಾಳುವುದಿಲ್ಲ. ವಾರ್ಡಿನ ಹಿರಿಯ ನರ್ಸ್, ಮೂವತ್ತು ವರ್ಷದ ಸೇವೆಯಾಕೆ, ಬೋಗುಣಿ ಹಿಡಿದೇ ಇಡೀ ರೋಗಿಯನ್ನು ಓದಿಬಿಡುತ್ತಾಳೆ. ಹಿಮ್ಮಡಿ ಒತ್ತಿದರೆ ಕೆಂಪು ಮಾಯವಾಗುತ್ತಿದೆಯೇ ಇಲ್ಲವೇ, ಬಲಗೈ ನಿನ್ನೆಯಷ್ಟೇ ಎತ್ತುತ್ತಿದೆಯೇ, ಮಾತು ತೊದಲುತ್ತಿದೆಯೇ, ಮಗ ಬಂದು ಹೋದ ಮೇಲೆ ಅಜ್ಜಿ ಯಾಕೆ ತಿಂಡಿ ಬಿಟ್ಟಳು ಎಂಬುದೆಲ್ಲ ಯಂತ್ರದ ಪರದೆಯಲ್ಲಿ ಮೂಡುವುದಿಲ್ಲ. ಐಸಿಯುನಲ್ಲಿ ಮಲಗಿದವರ ಅಂಕಿಗಳನ್ನು ಓದಿ ಪಳಗಿದ ಸಾಗರದಾಕೆ ಇಲ್ಲಿ ಎದ್ದು ಕೂತು ಗೊಣಗುವವರನ್ನು ಓದಲು ಕಲಿಯುತ್ತಾಳೆ. ಸ್ಟುಟ್‌ಗಾರ್ಟ್‌ನ ಕಚೇರಿ ಹೇಳಿದ ಕೊರತೆ ಏನೆಂದು ಕಾಗದ ನೋಡಿದಾಗ ಅರ್ಥವಾಗಿರಲಿಲ್ಲ. ಈಗ ಒಪ್ಪಿಕೊಳ್ಳದೆ ದಾರಿಯಿಲ್ಲ.

ಭಾನುವಾರದ ಕನ್ನಡ

ಪಾಳಿಯಿಲ್ಲದ ಭಾನುವಾರ ಸ್ಟುಟ್‌ಗಾರ್ಟ್ ಸುತ್ತಲಿನ ಕನ್ನಡಿಗರು ಯಾರದ್ದಾದರೂ ಮನೆಯಲ್ಲಿ ಸೇರುತ್ತಾರೆ. ವಿಮಾನದ ಸಾಲಿನಲ್ಲಿ ಕಂಡಂಥ ಎಂಜಿನಿಯರುಗಳು, ಅವರ ಹೆಂಡಿರು, ಸ್ಲೆಡ್ಜ್ ಎಳೆದಾಡುವ ಮಕ್ಕಳು. ಬಿಸಿಬೇಳೆಬಾತ್, ಬೆಂಗಳೂರಿನ ಸೈಟಿನ ರೇಟು, ಐಪಿಎಲ್. ಎಂಜಿನಿಯರುಗಳ ಕಚೇರಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅವರು ಬರುವ ‘ಬ್ಲೂ ಕಾರ್ಡ್’ ಪರವಾನಗಿಗೆ ಕನಿಷ್ಠ ಸಂಬಳದ ಮಿತಿಯಿದೆ, 2025ರಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 48,300 ಯೂರೊ. ಜರ್ಮನ್ ಬರಲೇಬೇಕೆಂಬ ಷರತ್ತಿಲ್ಲ. ನಾಲ್ಕು ವರ್ಷದಿಂದ ಇಲ್ಲಿದ್ದು ಎ1 ದಾಟದವರಿದ್ದಾರೆ. ಮೊದಮೊದಲು ‘ನರ್ಸಾ?’ ಎಂದು ಮಾತು ಮುಗಿಸುತ್ತಿದ್ದವರೇ ಈಗ ಆಕೆಯನ್ನು ಮೂಲೆಗೆ ಕರೆಯುತ್ತಾರೆ. ಹೆಂಡತಿಗೆ ಏಳು ತಿಂಗಳು, ಆಸ್ಪತ್ರೆಗೆ ಜೊತೆಗೆ ಬರುತ್ತೀರಾ? ಮನೆಯೊಡೆಯನ ಪತ್ರ ಬಂದಿದೆ, ಏನು ಬರೆದಿದ್ದಾನೆ ನೋಡ್ತೀರಾ? ಆಕೆ ಕನ್ನಡಕ ಏರಿಸಿ ಓದಿ, ‘ಹೀಟರ್ ಲೆಕ್ಕ, ಇನ್ನೂರ ಹನ್ನೆರಡು ಯೂರೊ ಬಾಕಿ ಅಂತೆ’ ಎನ್ನುತ್ತಾಳೆ. ಸಂಬಳದಲ್ಲಿ ಅವರು ಮೇಲೆ. ಊರಿನಲ್ಲಿ ಕಾಲೂರಿ ನಿಂತವಳು ಆಕೆ.

ಊಟವಾದ ಮೇಲೆ ಕೆಲವರು ಎಸ್ಲಿಂಗನ್ ಪೇಟೆಗೆ ಅಡ್ಡಾಡಲು ಹೋಗುತ್ತಾರೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಇದೇ ನೆಕ್ಕಾರ್ ನದಿಯ ಮೇಲ್ದಂಡೆಯ ಟ್ಯುಬಿಂಗನ್‌ನಲ್ಲಿ 1903ರಲ್ಲಿ ಕಣ್ಮುಚ್ಚಿದವರು ಕಿಟ್ಟೆಲ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟು ನಮ್ಮಲ್ಲಿ ಈಗಲೂ ಕಪಾಟಿನಿಂದ ಇಳಿಯುತ್ತದೆ. ಇಬ್ಬರೂ ವೃತ್ತಿಗಾಗಿ ಸಮುದ್ರ ದಾಟಿದವರೇ, ಹೋದ ನಾಡಿನ ಮಾತನ್ನು ಕಲಿತವರೇ. ಅವರ ದುಡಿಮೆ ದೊಡ್ಡದು, ಸಂಶಯವಿಲ್ಲ. ಆದರೆ ಅವರ ಹಿಂದೆ ಬಾಸೆಲ್ ಮಿಷನ್ ಇತ್ತು. ನಿಮ್ಮ ಕನ್ನಡಕ್ಕೆ ನೂರಕ್ಕೆ ಅರವತ್ತು ಬಂದಿಲ್ಲ, ಅಲ್ಲಿಯ ತನಕ ನೀವು ಪಾದ್ರಿಯಲ್ಲ, ಗುಡಿಸುವವರು ಎಂದು ಮಂಗಳೂರಿನ ಯಾವ ಮುನ್ಷಿಯೂ ಅವರಿಗೆ ಹೇಳುವಂತಿರಲಿಲ್ಲ. ಸಾಗರದಾಕೆಯ ನಾಲಿಗೆಗೆ ಅಂಕ ಹಾಕುವವರು ಆಕೆಗೆ ಸಂಬಳ ಕೊಡುವವರ ನಾಡಿನವರೇ.

ಬಿಲ್ಲೆ ಬದಲಾದ ಮೇಲೆ

ಕೊರತೆ ತುಂಬಿಕೊಳ್ಳಲು ಸಾಗರದಾಕೆ ಪರೀಕ್ಷೆಯ ದಾರಿ ಹಿಡಿದಳು. ಎರಡು ಭಾಗ. ಬಾಯಿಪರೀಕ್ಷೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ; ಪ್ರಾಯೋಗಿಕ ಪರೀಕ್ಷೆ ವಾರ್ಡಿನಲ್ಲೇ, ನಿಜವಾದ ರೋಗಿಗಳ ಮುಂದೆ. ಯಾರಿಗೆ ಏನು ಆರೈಕೆ, ಯಾವ ಕ್ರಮದಲ್ಲಿ, ಯಾಕೆ ಎಂದು ಯೋಜನೆ ಬರೆದು, ಮಾಡಿ ತೋರಿಸಿ, ಕೊನೆಗೆ ಸಮರ್ಥಿಸಿಕೊಳ್ಳಬೇಕು. ಗೋಡೆಗೆ ಒರಗಿ ನಿಂತ ಪರೀಕ್ಷಕರು ಬರೆದುಕೊಳ್ಳುತ್ತಲೇ ಇರುತ್ತಾರೆ. ಒಂದು ಭಾಗದಲ್ಲಿ ಬಿದ್ದರೆ ಇನ್ನೊಂದೇ ಅವಕಾಶ. ಆ ಬೆಳಗ್ಗೆ ಆಕೆ ಕೈತೊಳೆಯುವುದರಿಂದ ಹಿಡಿದು ಪ್ರತಿ ಹೆಜ್ಜೆಯನ್ನೂ ರೋಗಿಗೆ ಹೇಳಿ ಮಾಡಿದಳು. ಸೋಪು ಬೇಕೇ ಎಂದು ಕೇಳುವುದನ್ನು ಮರೆಯಲಿಲ್ಲ. ಸ್ಟುಟ್‌ಗಾರ್ಟ್‌ನಿಂದ ಪ್ರಮಾಣಪತ್ರ ಬಂದಾಗ ಬಿಲ್ಲೆ ಬದಲಾಯಿತು, ವೇತನ ಶ್ರೇಣಿ ಪಿ5ರಿಂದ ಪಿ7ಕ್ಕೆ ಏರಿತು. ತಿಂಗಳಿಗೆ ಮೂರು ಸಾವಿರ ಯೂರೊ ದಾಟುವ ಸಂಬಳದಲ್ಲಿ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಂದು ಮೂರರಲ್ಲೊಂದು ಭಾಗ ಕೈಗೆ ಬರುವ ಮೊದಲೇ ಹೋಗುತ್ತದೆ. ಉಳಿದದ್ದರಲ್ಲಿ ಬಾಡಿಗೆ, ಊಟ. ಅದರಲ್ಲೂ ಉಳಿದದ್ದು ಊರಿಗೆ. ವರ್ಷಕ್ಕೆ ಮೂವತ್ತು ದಿನ ರಜೆ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವ ರಾತ್ರಿ ಪಾಳಿ ಬಿದ್ದರೆ ಒಂದು ಗಂಟೆ ಹೆಚ್ಚು ದುಡಿತ.

ಪ್ರಮಾಣಪತ್ರ ಬಂದ ಕೆಲ ವಾರಕ್ಕೆ, ಒಂದು ಮಧ್ಯಾಹ್ನ. ಸೊಂಟದ ಶಸ್ತ್ರಚಿಕಿತ್ಸೆಯಾದ ಎಂಬತ್ತು ದಾಟಿದ ಅಜ್ಜಿಯನ್ನು ನಾಳೆ ಮನೆಗೆ ಕಳಿಸುವುದೆಂದು ಕಡತದಲ್ಲಿ ಬರೆದಿದೆ. ಆಂಬುಲೆನ್ಸ್ ಕೂಡ ಗೊತ್ತಾಗಿದೆ. ಬೆಳಗ್ಗೆ ಮೈ ತೊಳೆಯುವಾಗ ಹಿಮ್ಮಡಿಯ ಕೆಂಪು ಒತ್ತಿದರೂ ಮಾಯವಾಗಿರಲಿಲ್ಲ. ಎಬ್ಬಿಸಿ ನಿಲ್ಲಿಸಿದಾಗ ಅಜ್ಜಿ ಕಣ್ಣು ಕತ್ತಲೆಯೆಂದು ತೋಳು ಹಿಡಿದಳು. ನಿಂತಾಗಿನ ರಕ್ತದೊತ್ತಡ ಕುಸಿದಿತ್ತು. ಆಕೆ ಫೋನ್ ಎತ್ತಿದಳು. ಆ ಕಡೆಯ ವೈದ್ಯರು ಅವಸರದಲ್ಲಿದ್ದರು: ಅದೆಲ್ಲ ನಿರ್ಧಾರವಾಗಿದೆ, ಹಾಸಿಗೆ ಬೇಕು. ಆರು ತಿಂಗಳ ಹಿಂದಾಗಿದ್ದರೆ ‘ಸರಿ’ ಎಂದು ಇಟ್ಟುಬಿಡುತ್ತಿದ್ದಳು. ಈಗ ಇಡಲಿಲ್ಲ. ಮಲಗಿದಾಗ ಇಷ್ಟು, ನಿಂತಾಗ ಇಷ್ಟು, ಎಷ್ಟು ಗಂಟೆಗೆ ಅಳೆದದ್ದು, ಹಿಮ್ಮಡಿ ಹೀಗಿದೆ, ಮನೆಯಲ್ಲಿ ಅಜ್ಜಿ ಒಂಟಿ. ಕ್ರಿಯಾಪದವೊಂದು ಇರಬೇಕಾದಲ್ಲಿ ಇರಲಿಲ್ಲ, ಲಿಂಗವೆರಡು ತಪ್ಪಿದವು, ದನಿ ಸ್ವಲ್ಪ ಏರಿತು. ‘ನೀವು ಬಂದು ನೋಡುವ ತನಕ ನಾನು ಕಳಿಸುವುದಿಲ್ಲ, ಹೀಗೆಂದು ಬರೆದಿಡುತ್ತೇನೆ.’ ಹಿರಿಯ ನರ್ಸ್ ಕಾಫಿ ಲೋಟ ಹಿಡಿದವಳು ಹಾಗೆಯೇ ತಿರುಗಿ ನೋಡಿದಳು. ಇಪ್ಪತ್ತು ನಿಮಿಷಕ್ಕೆ ವೈದ್ಯರು ಬಂದರು, ಅಜ್ಜಿಯನ್ನು ತಾವೇ ನಿಲ್ಲಿಸಿ ನೋಡಿದರು, ಆಂಬುಲೆನ್ಸ್ ರದ್ದು ಮಾಡಿಸಿದರು.

ಕಮ್ಮನಹಳ್ಳಿಯ ಹೊಸ ತಂಡದವರು ಆಕೆಗೆ ವಿಡಿಯೊ ಕರೆ ಮಾಡಿ ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ: ಕೈಗೆಷ್ಟು ಬರುತ್ತೆ, ಗಂಡನನ್ನು ಯಾವಾಗ ಕರೆಸಬಹುದು, ಚಳಿ ತಡೆಯುತ್ತಾ? ಎಲ್ಲಕ್ಕೂ ಉತ್ತರ ಕೊಡುತ್ತಾಳೆ. ಆಮೇಲೆ ಯಾರೂ ಕೇಳದ ಒಂದನ್ನು ತಾನಾಗಿ ಸೇರಿಸುತ್ತಾಳೆ. ನಿಮ್ಮ ಕೆಲಸ ನಿಮಗೆ ಗೊತ್ತು, ಅದು ಮರೆತುಹೋಗುವುದಿಲ್ಲ. ಆದರೆ ಡಾಕ್ಟರ ಮುಂದೆ ‘ಇಲ್ಲ, ತಡೀರಿ’ ಎಂದು ಹೇಳಿ ಕಾರಣ ಕೊಡುವಷ್ಟು ಮಾತು ಬರುವವರೆಗೆ ನೀವು ಇಲ್ಲಿ ಅರ್ಧ ನರ್ಸು. ನನಗೆ ಅದಕ್ಕೆ ಬೆಂಗಳೂರಿನದನ್ನೂ ಸೇರಿಸಿ ಮೂರು ವರ್ಷ ಹಿಡಿಯಿತು. ನೀವು ಸಂಬಳದ ಜೊತೆಗೆ ಅದನ್ನೂ ಲೆಕ್ಕ ಹಾಕಿಕೊಂಡು ಹೊರಡಿ.